ಮಳೆಗಾಲದಲ್ಲಿ ಡ್ರಿಪ್ ಫಿಲ್ಟರ್ ಕಟ್ಕೊಂಡ್ರೆ

ಪ್ರಶ್ನೆ: ಸಾರ್, ಹಿತ್ತಲಲ್ಲಿ ಇಪ್ಪತ್ತು ಗಿಡಕ್ಕೆ ಡ್ರಿಪ್ ಹಾಕ್ಸಿದೀನಿ. ಬೇಸಿಗೆ ಪೂರ್ತಿ ಚೆನ್ನಾಗಿತ್ತು, ಮಳೆ ಶುರುವಾದ್ಮೇಲೆ ಕೊನೆ ಗಿಡಗಳಿಗೆ ನೀರೇ ಹೋಗ್ತಿಲ್ಲ. ಮಳೆಗಾಲದಲ್ಲೂ ಫಿಲ್ಟರ್ ತೊಳೀಬೇಕಾ?
- ಓದುಗರೊಬ್ಬರು, ಮಾಲೂರು

ಉತ್ತರ: ತೊಳೀಲೇಬೇಕಮ್ಮ, ಬೇಸಿಗೆಗಿಂತ ಜಾಸ್ತಿನೇ. ನಮ್ಮ ಕೋಲಾರದ ಕಡೆ ವರ್ಷವೆಲ್ಲ ಹರಿಯೋ ನದಿ ಇಲ್ಲ, ಹಂಗಾಗಿ ಸುಮಾರು ಮನೇಲಿ ಬೋರ್ ನೀರಿನ ಜೊತೆ ತಾರಸಿ ಮಳೆನೀರನ್ನೂ ಸಂಪಿಗೇ ಬಿಡ್ತಾರೆ, ಅದು ಒಳ್ಳೇದೇ, ಆದ್ರೆ ತಿಂಗಳುಗಟ್ಟಲೆ ಕೂತಿದ್ದ ಕೆಂಪು ಧೂಳು, ತರಗೆಲೆ ಎಲ್ಲಾ ಮೊದಲ ಮಳೇಲೇ ಕೆಳಗೆ ಇಳಿಯುತ್ತೆ. ಮೊದಲೆರಡು ಮಳೆ ನೀರು ಹೊರಗಡೆ ಬಿಟ್ಬಿಡಿ.

ಮೋಟ್ರು ಆಫ್ ಮಾಡಿ, ಫಿಲ್ಟರ್ ಮುಚ್ಚಳ ತಿರುಗ್ಸಿ, ಜಾಲರಿ ತೆಗೆದು ಬೆಳಕಿಗೆ ಹಿಡಿದು ನೋಡಿ, ಕಟ್ಕೊಂಡಿರೋ ಜಾಗ ಕಪ್ಪಗೆ ಕಾಣುತ್ತೆ. ಹಳೇ ಟೂತ್‌ಬ್ರಶ್ಶಲ್ಲಿ ಮೆತ್ತಗೆ ಉಜ್ಜಿ, ತಂತಿ ಬ್ರಶ್ ಮಾತ್ರ ಬೇಡ, ಒಂದ್ ಕಡೆ ಹರಿದ್ರೆ ಮಣ್ಣೆಲ್ಲ ನೇರ ಡ್ರಿಪ್ಪರ್‌ಗೇ ಹೋಗುತ್ತೆ. ಬಿಳಿ ಪದರ ಕೂತಿದ್ರೆ ಅದು ಬೋರ್ ನೀರಿನ ಸುಣ್ಣದಂಶ, ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿ.

120 ಮೆಶ್ ಜಾಲರಿ ಅಂದ್ರೆ ತೂತು ಸುಮಾರು 0.13 ಮಿಲಿಮೀಟರ್, ಜೇಡಿಮಣ್ಣಿನ ಕಣ ಅದಕ್ಕಿಂತ ಎಷ್ಟೋ ಸಣ್ಣದು, ನುಸುಳಿ ಪೈಪಿನ ತುದೀಲಿ ಕೂತ್ಕೊಳ್ಳುತ್ತೆ, ನಿಮ್ಮ ಕೊನೆ ಗಿಡಗಳಿಗೆ ಆಗಿರೋದು ಬಹುಶಃ ಇದೇ. ತುದಿ ಎಂಡ್ ಕ್ಯಾಪ್ ಬಿಚ್ಚಿ ತಿಳಿನೀರು ಬರೋವರೆಗೂ ಮೋಟ್ರು ಓಡ್ಸಿ. ವಾರಗಟ್ಟಲೆ ಮಳೆ ಹಿಡ್ಕೊಂಡು ಡ್ರಿಪ್ ನಿಲ್ಸಿದ್ರೆ ಫಿಲ್ಟರ್ ನೀರು ಖಾಲಿ ಮಾಡಿಡಿ, ಇಲ್ದಿದ್ರೆ ಪಾಚಿ ಕಟ್ಟುತ್ತೆ. ವಾಪಸ್ ಕೂರ್ಸುವಾಗ ರಬ್ಬರ್ ವಾಷರ್ ಸರಿಯಾಗಿ ಕೂತಿದ್ಯಾ ನೋಡ್ಕೊಳ್ಳಿ.