ಪೋಸ್ ಗೊಂಬೆ ಥರ ಕಾಣುತ್ತಿದ್ದರೆ ಮೊದಲು ಸೊಂಟ ನೋಡಿ

ನೀವು ಕೇಳಿರುವುದು ಮುಖ್ಯವಾಗಿ ಎರಡು ವಿಷಯ. ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಕ್ಯಾರೆಕ್ಟರ್ ಅನಿಮೇಷನ್ ಕಲಿಯುತ್ತಿದ್ದೀರಿ, ಯಾವ ಪೋಸ್ ಕೊಟ್ಟರೂ ಬಟ್ಟೆ ಅಂಗಡಿ ಗೊಂಬೆ ನಿಂತ ಹಾಗೆ ಕಾಣುತ್ತದೆ, ಇದಕ್ಕೆ ಡ್ರಾಯಿಂಗ್ ಕಲಿಯಲೇಬೇಕಾ ಅನ್ನುವುದು ಒಂದು. ಕಲಿಯಲೇಬೇಕು ಅಂದರೆ ಚಿಕ್ಕಮಗಳೂರಿನಲ್ಲಿ ಮಾಡೆಲ್ ನಿಲ್ಲಿಸಿ ಹೇಳಿಕೊಡುವ ಕ್ಲಾಸ್ ಎಲ್ಲಿ ಹುಡುಕಲಿ, ಪೆನ್ ಟ್ಯಾಬ್ಲೆಟ್ ಕೊಳ್ಳಬೇಕಾ ಅನ್ನುವುದು ಇನ್ನೊಂದು. ನಾನು ಪಕ್ಕದ ಹಾಸನದವನು, ಕ್ಯಾರೆಕ್ಟರ್ ಅನಿಮೇಷನ್ನೇ ನನ್ನ ಕೆಲಸ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಓದಿ.

ಚಿತ್ರ ಚೆನ್ನಾಗಿ ಬರೆಯಲು ಬಾರದೆಯೂ 3ಡಿ ಅನಿಮೇಟರ್ ಆದವರು ಬೇಕಾದಷ್ಟು ಜನ ಇದ್ದಾರೆ. ಮುಖ, ಶೇಡಿಂಗ್, ಬಟ್ಟೆಯ ಮಡಿಕೆ ಯಾವುದೂ ನಿಮಗೆ ಈಗ ಬೇಡ. ಆದರೆ ಎದುರಿಗಿರುವ ಮನುಷ್ಯ ತನ್ನ ಭಾರವನ್ನು ಎಲ್ಲಿ ಇಟ್ಟಿದ್ದಾನೆ ಅನ್ನುವುದು ಕಣ್ಣಿಗೆ ಬೀಳಬೇಕು. ಬರೀ ನೋಡಿದರೆ ಬೀಳುವುದಿಲ್ಲ, ನೋಡಿ ಗೀಚಿದರೆ ಬೀಳುತ್ತದೆ. ನಾನು ಡ್ರಾಯಿಂಗ್ ಮಾಡಿ ಅನ್ನುವುದು ಅಷ್ಟಕ್ಕೇ.

ಈಗಲೇ ಎದ್ದು ನಿಂತು ನೋಡಿ. ಪೂರ್ತಿ ಭಾರ ಬಲಗಾಲಿನ ಮೇಲೆ ಹಾಕಿ, ಎಡಗಾಲು ಸಡಿಲ ಬಿಡಿ. ಬಲಗಡೆ ಸೊಂಟ ಮೇಲೆ ಹೋಯಿತು ಅಲ್ವಾ? ಮೈ ಸಮತೋಲ ತಪ್ಪದಿರಲಿ ಅಂತ ಬಲಗಡೆ ಭುಜ ತಾನಾಗಿ ಕೆಳಗೆ ಇಳಿಯುತ್ತದೆ. ತಲೆ ಮತ್ತೆ ಸ್ವಲ್ಪ ವಾಲುತ್ತದೆ. ಹೊಸಬರು ರಿಗ್ (ಹಿಡಿದು ಆಡಿಸಲು ಒಳಗೆ ಮೂಳೆ ಜೋಡಿಸಿದ 3ಡಿ ಕ್ಯಾರೆಕ್ಟರ್) ತೆಗೆದುಕೊಂಡ ಕೂಡಲೇ ಕೈಯಿಂದ ಶುರು ಮಾಡುತ್ತಾರೆ, ಬೆರಳು ಒಂದೊಂದಾಗಿ ಬಗ್ಗಿಸುತ್ತಾರೆ, ಮುಖಕ್ಕೆ ನಗು ತರುತ್ತಾರೆ, ಸೊಂಟ ಮಾತ್ರ ಫೈಲ್ ತೆರೆದಾಗ ಎಲ್ಲಿತ್ತೋ ಅಲ್ಲೇ ನೆಟ್ಟಗೆ ಇರುತ್ತದೆ, ಎರಡು ಕಾಲಿಗೂ ಸಮ ಭಾರ. ಗೊಂಬೆ ಅನಿಸುವುದು ಅಲ್ಲೇ. ಸೊಂಟದ ಕಂಟ್ರೋಲ್ ಮೊದಲು ಹಿಡಿಯಿರಿ, ಆಮೇಲೆ ಪಾದ, ಆಮೇಲೆ ಬೆನ್ನು, ಭುಜ, ತಲೆ. ಕೈ ಅದಾದ ಮೇಲೆ. ಬೆರಳು, ಮುಖ ಕಟ್ಟಕಡೆಗೆ.

ಇನ್ನು ಮಾಡೆಲ್ ವಿಷಯ. ಕ್ಲಾಸ್ ಹುಡುಕುತ್ತಾ ಕೂರಬೇಡಿ. ನಿಮ್ಮೂರಿನಿಂದ ಬೇಲೂರು ಸುಮಾರು 25 ಕಿಲೋಮೀಟರ್, ಬಸ್ ಹತ್ತಿದರೆ ಆಯಿತು. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಸ್ಥಾನ. ಹೊರಗೆ ಸೂರಿನ ಕೆಳಗೆ 38, ಒಳಗೆ 4 ಮದನಿಕೆಯರು. ನಮ್ಮ ಕಡೆಯವರು ಸ್ಕೂಲ್ ಟೂರ್‌ನಲ್ಲಿ ಹೋಗಿ ಕತ್ತೆತ್ತಿ ನೋಡಿ ಬಂದಿರುತ್ತೇವೆ, ಪೆನ್ಸಿಲ್ ಹಿಡಿದು ಹೋದರೆ ಅದು ಬೇರೆಯದೇ ಜಾಗ. ಹೆಚ್ಚಿನವು ತ್ರಿಭಂಗದಲ್ಲಿವೆ, ಅಂದರೆ ತಲೆ ಒಂದು ಕಡೆ, ಎದೆ ಇನ್ನೊಂದು ಕಡೆ, ಸೊಂಟ ಮತ್ತೆ ಮೊದಲಿನ ಕಡೆ. ಈಗ ನೀವು ಎದ್ದು ನಿಂತು ಮಾಡಿದ್ದನ್ನೇ ಶಿಲ್ಪಿ ಹಿಗ್ಗಿಸಿ ತೋರಿಸಿದ್ದಾನೆ. ಆಭರಣ, ಮೇಲಿನ ಬಳ್ಳಿ, ಕಿರೀಟ ಏನನ್ನೂ ಬರೆಯಬೇಡಿ. ಹಣೆಯಿಂದ ಶುರು ಮಾಡಿ, ಕುತ್ತಿಗೆ, ಎದೆ, ಸೊಂಟ ಹಾದು, ಭಾರ ಹೊತ್ತ ಹಿಮ್ಮಡಿಯವರೆಗೆ ಒಂದೇ ಗೆರೆ. ಅದನ್ನೇ ಲೈನ್ ಆಫ್ ಆಕ್ಷನ್ ಅನ್ನುತ್ತಾರೆ. ಆ ಗೆರೆ ಸಿಕ್ಕ ಮೇಲೆ ಭುಜಕ್ಕೊಂದು ಅಡ್ಡಗೆರೆ, ಸೊಂಟಕ್ಕೊಂದು ಅಡ್ಡಗೆರೆ. ಎರಡೂ ಯಾವ ಕಡೆ ಓರೆಯಾಗಿವೆ ಅಂತ ನೋಡಿ. ಬಟ್ಟೆ ಎಳೆಯುತ್ತಿರುವ ಕೋತಿಯನ್ನು ಓಡಿಸುವವಳೊಬ್ಬಳಿದ್ದಾಳೆ, ಅವಳ ಮುಂದೆ ಜಾಸ್ತಿ ಹೊತ್ತು ನಿಲ್ಲಿ. ಮುಖ ಸವೆದು ಹೋಗಿದ್ದರೂ ಅಲ್ಲಿ ಏನು ನಡೆಯುತ್ತಿದೆ ಅಂತ ಮೈಯೇ ಹೇಳುವಂಥ ಪೋಸ್ ಅದು. ಒಳ್ಳೆ ಕೀ ಪೋಸ್‌ಗೆ, ಅಂದರೆ ಕಥೆ ಹೇಳುವ ಮುಖ್ಯ ಪೋಸ್‌ಗೆ, ಇದಕ್ಕಿಂತ ಒಳ್ಳೆ ಪಾಠ ನನಗೆ ಎಲ್ಲೂ ಸಿಕ್ಕಿಲ್ಲ.

ಬರೀ ಮದನಿಕೆಯರನ್ನೇ ಬರೆಯುತ್ತಾ ಹೋದರೆ ನಿಮ್ಮ ಕ್ಯಾರೆಕ್ಟರ್‌ಗಳೆಲ್ಲ ನಾಟ್ಯಕ್ಕೆ ನಿಂತ ಹಾಗೆ ಆಗುತ್ತವೆ, ಅದು ಗಮನದಲ್ಲಿರಲಿ. ಶ್ರವಣಬೆಳಗೊಳಕ್ಕೂ ಒಂದು ಸಲ ಹೋಗಿ ಬನ್ನಿ. ಎಡ ಬಲ ಎರಡೂ ಒಂದೇ ಥರ ಮಾಡಬೇಡಿ, ಪೋಸ್ ಸತ್ತುಹೋಗುತ್ತದೆ ಅಂತ ಎಲ್ಲ ಟ್ಯುಟೋರಿಯಲ್‌ನಲ್ಲೂ ಹೇಳುತ್ತಾರೆ. ಅದನ್ನು ಟ್ವಿನಿಂಗ್ ಅನ್ನುತ್ತಾರೆ. ಗೊಮ್ಮಟನ ಎರಡು ಕೈ ಒಂದೇ ಥರ ಇಳಿಬಿದ್ದಿವೆ, ಎರಡು ಕಾಲಿಗೂ ಸಮ ಭಾರ, ಮೈಮೇಲೆ ಬಳ್ಳಿ ಹಬ್ಬಿದರೂ ಅಲುಗಾಡಿಲ್ಲ. ಅಲ್ಲಿ ಹೇಳಬೇಕಾಗಿದ್ದೇ ಅಲುಗಾಡದ ಮನಸ್ಸು, ಹಾಗಾಗಿ ಅದು ಸರಿ. ನಿಮ್ಮ ಕ್ಯಾರೆಕ್ಟರ್‌ಗೆ ಅಂಥ ನಿಲುವು ಬೇಕಿದ್ದರೆ ಸಮ ಮಾಡಿ, ಇಲ್ಲದಿದ್ದರೆ ಮುರಿಯಿರಿ.

ಜೀವಂತ ಮನುಷ್ಯರನ್ನು ಬರೆಯಲು ಬಸ್ ಸ್ಟ್ಯಾಂಡ್ ಸಾಕು. ಕಾಯುವವರು ಯಾರೂ ನೆಟ್ಟಗೆ ನಿಲ್ಲುವುದಿಲ್ಲ. ಕಂಬಕ್ಕೆ ಒರಗಿರುತ್ತಾರೆ, ಬ್ಯಾಗ್ ಒಂದು ಕಡೆ ಜಗ್ಗುತ್ತಿರುತ್ತದೆ, ಮಗು ಎತ್ತಿಕೊಂಡವರ ಸೊಂಟ ಪಕ್ಕಕ್ಕೆ ಚಾಚಿರುತ್ತದೆ. ಒಬ್ಬರಿಗೆ 30 ಸೆಕೆಂಡ್, ಹೆಚ್ಚೆಂದರೆ 1 ನಿಮಿಷ. ಅವರು ಅಲುಗಾಡಿದರೆ ಬಿಟ್ಟುಬಿಡಿ, ಮುಂದಿನವರಿಗೆ ಹೋಗಿ. ಯಾರಾದರೂ ಮುಜುಗರ ಪಟ್ಟುಕೊಂಡರೆ ಪುಸ್ತಕ ಮುಚ್ಚಿ, ಕೇಳಿದರೆ ತೋರಿಸಿ. ಬಾಲ್ ಪೆನ್ ಉಪಯೋಗಿಸಿ, ರಬ್ಬರ್ ಮನೆಯಲ್ಲೇ ಇರಲಿ. ಅಳಿಸಲು ಆಗದಿದ್ದಾಗ ಕಣ್ಣು ಚುರುಕಾಗುತ್ತದೆ.

ಆದರೆ ಭಾರ ಅಂದರೆ ಏನು ಅಂತ ನಿಜವಾಗಿ ತಿಳಿಯಬೇಕಿದ್ದರೆ ಕಾಫಿ ಕುಯ್ಲಿನ ಸಮಯದಲ್ಲಿ ಯಾರದಾದರೂ ತೋಟಕ್ಕೆ ಹೋಗಿ. ಅರೇಬಿಕಾ ಆದರೆ ನವೆಂಬರ್‌ನಿಂದ ಜನವರಿ. ತೋಟದವರಿಗೂ ಕೆಲಸದವರಿಗೂ ಒಂದು ಮಾತು ಕೇಳಿಕೊಂಡು ಒಂದು ಮೂಲೆಯಲ್ಲಿ ಕುಳಿತುಕೊಳ್ಳಿ. ಬೆಳಿಗ್ಗೆ ಸೊಂಟಕ್ಕೆ ಕಟ್ಟಿದ ಚೀಲ ಖಾಲಿ. ಆಗ ಹಣ್ಣು ಕೊಯ್ಯುವವರು ಮುಂದಕ್ಕೆ ಬಾಗಿ, ಒಂದು ಕೈಯಲ್ಲಿ ರೆಂಬೆ ಬಗ್ಗಿಸಿ ಹಿಡಿದು, ಇನ್ನೊಂದು ಕೈಯಲ್ಲಿ ಬಿಡಿಸುತ್ತಾ ಹಗುರವಾಗಿ ಓಡಾಡುತ್ತಿರುತ್ತಾರೆ. ಚೀಲ ತುಂಬುತ್ತಾ ಬಂದಂತೆ ಅದೇ ಮನುಷ್ಯರ ಬೆನ್ನು ನಿಧಾನಕ್ಕೆ ಹಿಂದಕ್ಕೆ ವಾಲುತ್ತದೆ, ಹೆಜ್ಜೆ ಅಗಲ ಆಗುತ್ತದೆ, ಮೊಣಕಾಲು ಸ್ವಲ್ಪ ಬಗ್ಗಿರುತ್ತದೆ, ರೆಂಬೆಗೆ ಕೈ ಚಾಚುವ ಬದಲು ಮೈಯೇ ಗಿಡದ ಹತ್ತಿರ ಹೋಗುತ್ತದೆ. ಸಂಜೆ ತೂಕಕ್ಕೆ ಮೂಟೆ ತಲೆ ಮೇಲೆ ಹೊತ್ತು ಹೋಗುವಾಗ ನೋಡಿ, ಕುತ್ತಿಗೆಯಿಂದ ಬೆನ್ನಿನವರೆಗೆ ನೇರ, ಅಲುಗಾಟವೆಲ್ಲ ಸೊಂಟದ ಕೆಳಗೆ. ಒಬ್ಬರನ್ನೇ ಖಾಲಿ ಚೀಲ, ಅರ್ಧ ಚೀಲ, ತುಂಬಿದ ಚೀಲ ಅಂತ ಪಕ್ಕಪಕ್ಕದಲ್ಲಿ ಬರೆಯಿರಿ. ಆಮೇಲೆ ಅದರಲ್ಲಿರುವ ಚೀಲವನ್ನು ಬೆರಳಿನಿಂದ ಮುಚ್ಚಿ. ಚೀಲ ಕಾಣದಿದ್ದರೂ ಎಷ್ಟು ತುಂಬಿದೆ ಅಂತ ಬೇರೆಯವರು ಹೇಳಿಬಿಟ್ಟರೆ ನಿಮಗೆ ಭಾರ ಹಿಡಿಯಲು ಬಂತು ಅಂತ ಅರ್ಥ. ವಾಕ್ ಸೈಕಲ್, ಅಂದರೆ ಮತ್ತೆ ಮತ್ತೆ ಓಡಿಸುವ ನಡಿಗೆ, ಮಾಡುವಾಗ ಈ ಮೂರು ಚಿತ್ರ ಎಷ್ಟು ಕೆಲಸಕ್ಕೆ ಬರುತ್ತವೆ ಅಂತ ನಾನು ಹೇಳುವುದಕ್ಕಿಂತ ನೀವೇ ಮಾಡಿ ನೋಡಿ.

ಬರೆದದ್ದನ್ನು ರಿಗ್‌ಗೆ ತರದಿದ್ದರೆ ಎರಡೂ ಬೇರೆಬೇರೆಯಾಗಿಯೇ ಉಳಿಯುತ್ತವೆ. ಬ್ಲೆಂಡರ್ ಸ್ಟುಡಿಯೋದವರ ರೇನ್, ಸ್ನೋ ಅನ್ನುವ ರಿಗ್‌ಗಳು ಉಚಿತವಾಗಿ ಸಿಗುತ್ತವೆ, ಅವು ಸಾಕು. ಹೊರಗೆ ಬರೆದ ಒಂದು ಗೀಚನ್ನು ಪಕ್ಕದಲ್ಲಿಟ್ಟುಕೊಂಡು ಒಂದು ಪೋಸ್ ಮಾಡಿ. ವ್ಯೂಪೋರ್ಟ್ (ಕ್ಯಾರೆಕ್ಟರ್ ಕಾಣುವ ಕಿಟಕಿ) ಶೇಡಿಂಗ್‌ನಲ್ಲಿ ಲೈಟಿಂಗ್ ಫ್ಲಾಟ್ ಮಾಡಿ, ಎಲ್ಲಕ್ಕೂ ಒಂದೇ ಕಪ್ಪು ಬಣ್ಣ ಕೊಡಿ. ಬರೀ ಕಪ್ಪು ಆಕಾರದಲ್ಲಿ ಕೈ ಎಲ್ಲಿದೆ, ಏನು ಮಾಡುತ್ತಿದ್ದಾನೆ ಅಂತ ತಿಳಿಯದಿದ್ದರೆ ಕೈಯನ್ನು ಮೈಯಿಂದ ಆಚೆ ತನ್ನಿ, ಇಲ್ಲವೇ ಕ್ಯಾಮೆರಾ ತಿರುಗಿಸಿ. ಚಲನೆ ಶುರು ಮಾಡಿದಾಗ ಕೀಗಳನ್ನು (ಟೈಮ್‌ಲೈನ್‌ನಲ್ಲಿ ಗುರುತು ಹಾಕಿದ ಪೋಸ್‌ಗಳನ್ನು) ಕಾನ್‌ಸ್ಟೆಂಟ್‌ನಲ್ಲಿ ಇಡಿ, ನಡುವೆ ಚಲನೆ ಇಲ್ಲದೆ ಪೋಸ್‌ನಿಂದ ಪೋಸ್‌ಗೆ ಟಕ್ ಅಂತ ಹಾರಲಿ. ಹಾರುವಾಗಲೇ ಕಥೆ ಅರ್ಥ ಆಗಬೇಕು. ಅರ್ಥ ಆಗುತ್ತಿಲ್ಲ ಅಂದರೆ ನಡುವಿನ ಚಲನೆಯನ್ನು ತಾನೇ ತುಂಬುವ ಬೆಝಿಯರ್‌ಗೆ ಬದಲಾಯಿಸಿ ನುಣುಪು ಮಾಡಿದರೂ ಆಗುವುದಿಲ್ಲ. 1 ಸೆಕೆಂಡಿಗೆ 24 ಫ್ರೇಮ್ ಇರುತ್ತದೆ ನಿಜ, ಆದರೆ ಅದರಲ್ಲಿ ನೀವು ಯೋಚನೆ ಮಾಡಿ ನಿಲ್ಲಿಸುವ ಪೋಸ್ ಎರಡೋ ಮೂರೋ. ಉಳಿದವು ಅವುಗಳ ನಡುವಿನ ದಾರಿ.

ಪೋಸ್ ಹೊಳೆಯದಿದ್ದಾಗ ನೀವೇ ಅದನ್ನು ಮಾಡಿ ಮೊಬೈಲ್‌ನಲ್ಲಿ ವಿಡಿಯೋ ತೆಗೆದುಕೊಳ್ಳಿ. ಫ್ರೇಮ್ ಫ್ರೇಮ್ ಸರಿಸಿ ನೋಡಿ, ಮೈ ಅತಿ ಹೆಚ್ಚು ಬಾಗಿದ ಕ್ಷಣವನ್ನು ಗೀಚಿಕೊಳ್ಳಿ, ಆಮೇಲೆ ವಿಡಿಯೋ ಮುಚ್ಚಿ ಆ ಗೀಚನ್ನು ಇನ್ನೊಂದು ಚೂರು ಹಿಗ್ಗಿಸಿ. ವಿಡಿಯೋ ಮೇಲೆಯೇ ರಿಗ್ ಇಟ್ಟು ಕಾಪಿ ಮಾಡಬೇಡಿ, ಜೀವ ಬರುವುದಿಲ್ಲ.

ದಿನಕ್ಕೆ ಎಷ್ಟು ಹೊತ್ತು ಅಂತಲೂ ಕೇಳಿದ್ದೀರಿ. 20 ನಿಮಿಷ ಗೀಚಿ, ಒಂದು ಪೋಸ್ ಮಾಡಿ, ಅಷ್ಟೇ. ಭಾನುವಾರ ಮಾತ್ರ ಐದು ಗಂಟೆ ಕೂರುವುದಕ್ಕಿಂತ ಇದು ಎಷ್ಟೋ ಮೇಲು. ಮೂಳೆ, ಮಾಂಸಖಂಡದ ಹೆಸರು ಬಾಯಿಪಾಠ ಮಾಡುವುದು ಈಗ ಬೇಡ, ಮೊಣಕೈ ಯಾವ ಕಡೆ ಬಗ್ಗುತ್ತದೆ ಅಂತ ಗೊತ್ತಿದ್ದರೆ ನಡೆಯುತ್ತದೆ.

ಟ್ಯಾಬ್ಲೆಟ್ ಈ ವರ್ಷ ಕೊಳ್ಳಬೇಡಿ. ಆ ದುಡ್ಡಲ್ಲಿ ಕಂಪ್ಯೂಟರ್‌ಗೆ ರ‍್ಯಾಮ್ ಹಾಕಿಸಿ, ಬೇಲೂರಿಗೆ ಬಸ್ ಚಾರ್ಜ್ ಇಟ್ಟುಕೊಳ್ಳಿ. ಮುಂದೆ 2ಡಿ ಅನಿಮೇಷನ್ ಕಡೆ ಮನಸ್ಸು ಹೋದರೆ ಆಗ ಒಂದು ಚಿಕ್ಕ ಪೆನ್ ಟ್ಯಾಬ್ಲೆಟ್ ತಗೊಳ್ಳಿ, ಸ್ಕ್ರೀನ್ ಇರುವುದೇ ಬೇಕು ಅಂತೇನಿಲ್ಲ. ಚಿತ್ರ ಬರೆಯುವ ಕ್ರಿತಾ ಸಾಫ್ಟ್‌ವೇರ್ ಉಚಿತ, ಅದರಲ್ಲೇ ಹಿಂದಿನ ಮುಂದಿನ ಫ್ರೇಮ್ ತೆಳುವಾಗಿ ಕಾಣುವ ಆನಿಯನ್ ಸ್ಕಿನ್ ಇದೆ. ಈ ಸಲದ ಕುಯ್ಲಿನಲ್ಲಿ ಬರೆದ ಆ ಮೂರು ಚೀಲದ ಚಿತ್ರ ಇಲ್ಲಿ ಹಾಕಿ, ಸೊಂಟ ಎಲ್ಲಿ ತಪ್ಪಿದೆ ಅಂತ ಅದರ ಮೇಲೆಯೇ ಗೆರೆ ಎಳೆದು ಕಳಿಸುತ್ತೇನೆ.