ಸಾ ಮಿಲ್ ತುಂಡಿನ ಗ್ಯಾಸ್‌ನ್ಯಾಗ ಕುಂದಾ ಭಟ್ಟಿ ಹಚ್ಚಬಹುದೇನ್ರಿ?

ಪ್ರಶ್ನೆ: ನಮ್ದು ಖಾನಾಪುರದಾಗ ಸಾ ಮಿಲ್ ಐತ್ರಿ, ದಿನಾ ಕಟಗಿ ತುಂಡು, ಪುಡಿ ರಾಶಿ ಬೀಳ್ತದ. ತಮ್ಮ ಬೆಳಗಾವ್ಯಾಗ ಕುಂದಾ ಮಾಡ್ತಾನ, ಕಮರ್ಷಿಯಲ್ ಸಿಲಿಂಡರ್ ಖರ್ಚು ತಡಕೊಳ್ಳಾಕ ಆಗವಲ್ದು. ಕಟಗಿಯಿಂದ ಗ್ಯಾಸ್ ಮಾಡಿ ಸಿಲಿಂಡರಿಗೆ ತುಂಬಿ ಅವಗ ಕಳಸಬಹುದೇನ್ರಿ? ಪೇಪರ್ ಮಿಲ್ಲಿನ ರಾಡಿನೂ ಸಿಗ್ತದಂತ, ಅದನ್ನೂ ಹಾಕಬಹುದಾ?

ಉತ್ತರ: ಗ್ಯಾಸ್ ಆಗ್ತದ್ರಿ, ಸಿಲಿಂಡರಿಗೆ ತುಂಬೂದು ಮಾತ್ರ ಬ್ಯಾಡ. ಕಟಗಿಗೆ ಪೂರಾ ಗಾಳಿ ಸಿಕ್ರ ಉರದು ಬೂದಿ ಆಗ್ತದ, ಅದಕ್ಕ ಬೇಕಾದ ಗಾಳ್ಯಾಗ ಮೂರರಾಗ ಒಂದು ಪಾಲು ಅಷ್ಟ ಕೊಟ್ಟು ಒಳಗ ಕೆಂಡ ನಿಗಿನಿಗಿ ಇಟ್ರ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಹೊರಗ ಬರ್ತಾವು, ಇದಕ್ಕ ಪ್ರೊಡ್ಯೂಸರ್ ಗ್ಯಾಸ್ ಅಂತಾರ. ಆದ್ರ ಗಾಳ್ಯಾಗಿನ ನೈಟ್ರೋಜನ್‌ನೂ ಜೋಡಿ ಬರ್ತದಲ್ರಿ, ಸುಮಾರು ಅರ್ಧ ಅದ ಇರ್ತದ, ಹಿಂಗಾಗಿ ಒಂದು ಘನ ಮೀಟರಿಗೆ 1000-1200 ಕಿಲೋ ಕ್ಯಾಲರಿ ಅಷ್ಟ ಶಾಖ. ಇಷ್ಟು ಕಡಿಮಿ ಶಾಖದ ಗ್ಯಾಸ್ ಸಿಲಿಂಡರಿಗೆ ತುಂಬಿ ಕಳಿಸಿದ್ರ ಪುರವಡಿಸೂದಿಲ್ಲ. ಗ್ಯಾಸ್ ಬಿಡ್ರಿ, ಒಣ ಕಟಗಿ ಚೀಲದಾಗ ತುಂಬಿ ಕಳಸ್ರಿ, ಗ್ಯಾಸಿಫೈಯರ್ ಅಂದ್ರ ಕಟಗಿಯಿಂದ ಗ್ಯಾಸ್ ಮಾಡೂ ಮಷಿನ್ ತಮ್ಮನ ಭಟ್ಟಿ ಬಾಜೂಕ ಕುಂಡ್ರಲಿ.

ಲೆಕ್ಕ ಹೇಳ್ತೀನಿ. 19 ಕೆಜಿ ಸಿಲಿಂಡರಿನ ಶಾಖ ಬೇಕಂದ್ರ ಹತ್ರಹತ್ರ 75-80 ಕೆಜಿ ಒಣ ಕಟಗಿ ಹಾಕಬೇಕು. ಒಣ ಅಂದ್ರ ಖರೇನ ಒಣ, ನೀರಿನ ಅಂಶ 20 ಪರ್ಸೆಂಟಿನ ಒಳಗ. ಈಗಷ್ಟ ಕೊಯ್ದ ಹಸಿ ಕಟಗ್ಯಾಗ ಅರ್ಧದಷ್ಟು ನೀರ ಇರ್ತದ, ಅದನ್ನ ಹಾಕಿದ್ರ ಕೆಂಡ ತಣ್ಣಗಾಗಿ ಗ್ಯಾಸಿನ ಬದ್ಲಿ ಬರೇ ಹೊಗಿ, ಡಾಂಬರಿನಂಥ ಟಾರ್ ಬರ್ತದ, ಪೈಪ್ ಕಟ್ಕೊಂಡು ಕೂಡ್ತದ. ಎರಡು ತುಂಡು ಒಂದಕ್ಕೊಂದು ಬಡದು ನೋಡ್ರಿ, ಟಣ್ ಅಂದ್ರ ಹಾಕ್ರಿ, ದಪ್ ಅಂದ್ರ ಇನ್ನ ಬಿಸಲಿಗಿ ಬಿಡ್ರಿ. ನಿಮ್ ಕಡೆ ಮಳಿ ಜೋರು, ಪತ್ರಾ ಶೆಡ್ ಮೊದಲ ಹಾಕ್ರಿ, ಮಷಿನ್ ಆಮ್ಯಾಲ ತರ್ರಿ.

ಪುಡಿ ಹಂಗ ಸುರದ್ರ ಗಾಳಿ ಆಡೂದಿಲ್ಲ, ಅದನ್ನ ಒತ್ತಿ ಬ್ರಿಕೆಟ್, ಅಂದ್ರ ಗಟ್ಟಿ ತುಂಡು, ಮಾಡಿಸ್ರಿ. ಪೇಂಟ್ ಬಳದದ್ದು, ಪ್ಲೈವುಡ್ ತುಂಡು ಬ್ಯಾಡs ಬ್ಯಾಡ.

ಪೇಪರ್ ಮಿಲ್ಲಿನ ರಾಡಿ ಹಿಂಡಿದ ಮ್ಯಾಲೂ ಅರ್ಧಕ್ಕಿಂತ ಹೆಚ್ಚು ನೀರ, ಬೂದಿನೂ ಭಾಳ, ಗ್ಯಾಸಿಫೈಯರಿಗೆ ಅದು ವಿಷ ಇದ್ದಂಗ. ಪೇಪರ್ ಮಿಲ್ಲಿನಾಗ ಖರೆ ಬೆಂಕಿ ಇರೂದು ಬ್ಲ್ಯಾಕ್ ಲಿಕರಿನಾಗ, ಕಟಗಿ ಬೇಯಿಸಿ ನಾರು ತಗದ ಮ್ಯಾಲ ಉಳಿಯೂ ಕಪ್ಪು ನೀರು ಅದು, ಮಿಲ್ಲಿನವ್ರು ಅದನ್ನ ಕಾಸಿ ಗಟ್ಟಿ ಮಾಡಿ ರಿಕವರಿ ಬಾಯ್ಲರಿನಾಗ ಉರಿಸಿ ಸ್ಟೀಮೂ ತಗೋತಾರ, ಕೆಮಿಕಲ್ಲೂ ವಾಪಸ್ ತಗೋತಾರ.

ಒಂದ್ ಮಾತು ತಮ್ಮಗ ಕುಂಡ್ರಿಸಿ ಹೇಳ್ರಿ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನಿ ಇಲ್ಲ, ಮುಚ್ಚಿದ ಖೋಲ್ಯಾಗ ಸೋರಿದ್ರ ಮನಷ್ಯಾ ಕುಂತಲ್ಲೇ ಮಲಗ್ತಾನ, ಏಳೂದಿಲ್ಲ. ಗ್ಯಾಸಿಫೈಯರ್ ಬಯಲಿನಾಗ ಇರ್ಲಿ, ಪೈಪ್ ಅಷ್ಟ ಒಳಗ ಬರ್ಲಿ, ಭಟ್ಟಿ ಮ್ಯಾಲ ಚಿಮಣಿ, ಬಾಜೂಕ ಈ ಗ್ಯಾಸ್ ಸೋರಿದ್ರ ಕೂಗೂ ಸಿಒ (ಕಾರ್ಬನ್ ಮೊನಾಕ್ಸೈಡ್) ಅಲಾರಂ ಹಚ್ಚಿಸ್ರಿ, ಬರ್ನರ್ ಉರಿ ಆರಿದ್ರ ಮೊದಲ ಬ್ಲೋವರ್ (ಗಾಳಿ ಊದೂ ಪಂಖಾ) ಬಂದ್ ಮಾಡಿ ಎಲ್ಲಾರೂ ಹೊರಗ ಬರ್ರಿ, ಹಾಲು ತಳ ಹಿಡದ್ರ ಹಿಡೀಲಿ.