ದವಡೆಯಲ್ಲಿ ಅಮೆಲೋಬ್ಲಾಸ್ಟೋಮಾ ಅಂದಿದ್ದಾರೆ: ಕೆರೆದು ತೆಗೆದರೆ ಸಾಲದಾ, ಮೂಳೆ ಕತ್ತರಿಸಲೇಬೇಕಾ?

ನಿಮ್ಮ ತಮ್ಮನಿಗೆ 22 ವರ್ಷ. ಎಡಗಡೆ ಕೆಳದವಡೆ ಆರು ತಿಂಗಳಿಂದ ನೋವಿಲ್ಲದೆ ಊದಿಕೊಂಡಿದೆ. ಓಪಿಜಿ, ಅಂದರೆ ಇಡೀ ದವಡೆಯ ಎಕ್ಸ್‌ರೇ, ನೋಡಿದ ಡಾಕ್ಟರು ‘ಅಮೆಲೋಬ್ಲಾಸ್ಟೋಮಾ ಇರಬಹುದು, ಮೂಳೆ ಕತ್ತರಿಸಬೇಕಾಗಬಹುದು’ ಅಂದಿದ್ದಾರೆ. ಬಯಾಪ್ಸಿ, ಅಂದರೆ ಗಡ್ಡೆಯ ಚೂರು ತೆಗೆದು ಲ್ಯಾಬಿನಲ್ಲಿ ನೋಡುವುದು, ಇನ್ನೂ ಆಗಿಲ್ಲ. ಇದು ಕ್ಯಾನ್ಸರಾ, ಕೆರೆದು ತೆಗೆದರೆ ಸಾಲದಾ, ಹುಡುಗನ ಮುಖ ಹಾಳಾಗುತ್ತಾ ಅಂತ ಕೇಳಿದ್ದೀರಿ.

ನಾನು ಡಾಕ್ಟರಲ್ಲ, ಹೈಸ್ಕೂಲು ಮೇಷ್ಟ್ರು. ಆದರೆ ಇದೇ ಗಡ್ಡೆಗೆ ಎರಡು ಸಲ ಆಪರೇಷನ್ ಮಾಡಿಸಿಕೊಂಡವನು. 2011ರಲ್ಲಿ ಕೆರೆದು ತೆಗೆದರು. 2017ರಲ್ಲಿ ಮೂಳೆಯನ್ನೇ ಕತ್ತರಿಸಿದರು. ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಹೇಳೋಕೆ ನನಗೆ ಸ್ವಲ್ಪ ಅಧಿಕಾರ ಇದೆ ಅಂದುಕೊಂಡಿದ್ದೇನೆ.

ಮೊದಲು ಕ್ಯಾನ್ಸರ್ ವಿಷಯ. ಇದು ಸಾಮಾನ್ಯ ಅರ್ಥದ ಕ್ಯಾನ್ಸರ್ ಅಲ್ಲ. ಹಲ್ಲು ಹುಟ್ಟುವಾಗ ಎನಾಮೆಲ್, ಅಂದರೆ ಹಲ್ಲಿನ ಮೇಲಿನ ಗಟ್ಟಿ ಹೊದಿಕೆ, ಮಾಡುವ ಜೀವಕೋಶಗಳಿರುತ್ತವಲ್ಲ, ಆ ಜಾತಿಯ ಕೋಶಗಳಿಂದ ಬೆಳೆಯುವ ಗಡ್ಡೆ. ತಮಾಷೆ ಅಂದರೆ ಹೆಸರಿನಲ್ಲಿರುವ ‘ಅಮೆಲ್’ ಅಂದರೆ ಎನಾಮೆಲ್ಲೇ ಆದರೂ ಈ ಗಡ್ಡೆ ಒಂದು ಚೂರೂ ಎನಾಮೆಲ್ ಮಾಡುವುದಿಲ್ಲ. ನಿಧಾನಕ್ಕೆ ಬೆಳೆಯುತ್ತೆ. ಬೇರೆ ಅಂಗಕ್ಕೆ ಹರಡುವುದು ತೀರಾ ಅಪರೂಪ. ಆದರೆ ಕೂತ ಜಾಗದಲ್ಲಿ ಸುಮ್ಮನೆ ಕೂರುವ ಗಡ್ಡೆ ಇದಲ್ಲ, ಮೂಳೆಯನ್ನು ತಿನ್ನುತ್ತಾ ಹೋಗುತ್ತೆ. ಹತ್ತರಲ್ಲಿ ಸುಮಾರು ಎಂಟು ಕೆಳದವಡೆಯಲ್ಲೇ ಬರುತ್ತವೆ, ಅದರಲ್ಲೂ ಹಿಂದಿನ ದವಡೆ ಹಲ್ಲುಗಳ ಕಡೆ ಜಾಸ್ತಿ. ಇನ್ನೊಂದು ಮಾತು. ನನ್ನನ್ನು ನೋಡೋಕೆ ಬಂದ ನೆಂಟರೆಲ್ಲ ‘ಗುಟ್ಕಾ ತಿಂತಿದ್ಯೇನೋ’ ಅಂತಲೇ ಕೇಳಿದರು. ನಾನು ಅಡಿಕೆ ಚೂರನ್ನೂ ಬಾಯಿಗೆ ಹಾಕಿದವನಲ್ಲ. ತಂಬಾಕಿನಿಂದ ಬರುವ ಬಾಯಿ ಕ್ಯಾನ್ಸರ್ ಬೇರೆ, ಇದು ಬೇರೆ. ನಿಮ್ಮ ತಮ್ಮನ ಮೇಲೆ ಯಾರಾದರೂ ಆ ತಪ್ಪು ಹೊರಿಸಿದರೆ ನೀವೇ ಮುಂದೆ ನಿಂತು ಹೇಳಿ.

ಈಗ ನನ್ನ ಕಥೆ. 2011ರಲ್ಲಿ ನನಗೆ 26. ಬಲಗೆನ್ನೆ ದಪ್ಪ ಆಗಿದೆ ಅಂತ ಮೊದಲು ಹೇಳಿದ್ದು ಕ್ಷೌರದ ಅಂಗಡಿಯವನು. ‘ಸಾರ್, ಹಲ್ಲು ನೋವಾ?’ ಅಂದ. ನೋವೇ ಇರಲಿಲ್ಲ. ಮನೆಗೆ ಬಂದು ಹೆಬ್ಬೆರಳಲ್ಲಿ ಒತ್ತಿ ನೋಡಿದೆ. ಪ್ಲಾಸ್ಟಿಕ್ ಚೆಂಡನ್ನು ಒತ್ತಿದರೆ ಒಳಕ್ಕೆ ಹೋಗಿ ಮತ್ತೆ ಮೇಲೆ ಬರುತ್ತಲ್ಲ, ಹಾಗೆ. ಮೂಳೆ ಅಷ್ಟು ತೆಳ್ಳಗಾಗಿತ್ತು. ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆದು ‘ಹೂತುಕೊಂಡಿರೋ ಬುದ್ಧಿ ಹಲ್ಲಿನ ಸುತ್ತ ಸಿಸ್ಟ್ (ನೀರು ತುಂಬಿದ ಚೀಲ) ಆಗಿದೆ, ಹಲ್ಲು ಕಿತ್ತು ಕೆರೆದು ಬಿಡೋಣ’ ಅಂದರು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಒಂದೂವರೆ ಗಂಟೆಯಲ್ಲಿ ಮುಗಿಸಿದರು. ಕಿತ್ತ ಹಲ್ಲು, ಹರಿದ ಚೀಲದಂಥ ತುಂಡುಗಳು ಸ್ಟೀಲ್ ಬೇಸಿನ್‌ನಲ್ಲಿ ಬಿದ್ದಿದ್ದನ್ನು ನಾನೇ ನೋಡಿದೆ. ಆ ತುಂಡು ಲ್ಯಾಬಿಗೆ ಹೋಗಲಿಲ್ಲ. ಕಳಿಸಬೇಕು ಅಂತ ನನಗೆ ಗೊತ್ತಿರಲಿಲ್ಲ, ಅವರು ಕಳಿಸಲಿಲ್ಲ. ಖರ್ಚು ಕಮ್ಮಿ ಆಯ್ತು ಅಂತ ಖುಷಿಯಾಗಿ ಬಸ್ ಹತ್ತಿದೆ.

ಆರು ವರ್ಷಕ್ಕೆ ಅದೇ ಜಾಗದಲ್ಲಿ ಮತ್ತೆ ಊತ, ಪಕ್ಕದ ಎರಡು ಹಲ್ಲು ಅಲುಗಾಡೋಕೆ ಶುರು. ಈ ಸಲ ದಂತ ಕಾಲೇಜಿಗೆ ಹೋದೆ. ಓಪಿಜಿ ಅಂದರೆ ಗೊತ್ತಲ್ಲ, ಒಂದು ಪ್ಲಾಸ್ಟಿಕ್ ಕಡ್ಡಿ ಕಚ್ಚಿಕೊಂಡು ನಿಂತರೆ ಮೆಷಿನ್ ತಲೆ ಸುತ್ತ ತಿರುಗಿ ಎರಡೂ ದವಡೆಯ ಚಿತ್ರ ತೆಗೆಯುತ್ತೆ. ಅಲ್ಲಿದ್ದ ಮೇಡಂ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಮೂಳೆಯೊಳಗೆ ಸೋಪಿನ ನೊರೆ ಹಾಗೆ ಗುಳ್ಳೆ ಗುಳ್ಳೆ. ಹಲ್ಲಿನ ಬೇರುಗಳ ತುದಿ ಚಾಕುವಿನಿಂದ ಸವರಿದ ಹಾಗೆ ಮಾಯ. ‘ಇದನ್ನು ನೋಡಿದರೆ ಅನುಮಾನ ಬರುತ್ತೆ, ಆದರೆ ಫಿಲ್ಮ್ ನೋಡಿ ಹೆಸರು ಹೇಳಬಾರದು’ ಅಂದರು. ಇದೇ ಥರ ಕಾಣುವ ಬೇರೆ ಸಿಸ್ಟು, ಗಡ್ಡೆಗಳೂ ಇವೆಯಂತೆ. ಗಡ್ಡೆಯ ಒಂದು ತುಂಡು ತೆಗೆದು ಬಯಾಪ್ಸಿಗೆ ಕಳಿಸಿದರು. ಅದು ಎಷ್ಟು ದೂರ ಹೋಗಿದೆ, ಮೂಳೆಯ ಗೋಡೆ ಒಡೆದು ಆಚೆ ಬಂದಿದೆಯಾ ಅಂತ ನೋಡೋಕೆ ಸಿಟಿ ಮಾಡಿಸಿದರು.

ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಈ ಬಯಾಪ್ಸಿಯಲ್ಲೇ. ಅಮೆಲೋಬ್ಲಾಸ್ಟೋಮಾ ಅಂದರೆ ಒಂದೇ ಅಲ್ಲ. ‘ಯೂನಿಸಿಸ್ಟಿಕ್’ ಅಂತ ಒಂದು ಬಗೆ ಇದೆ. ಒಂದೇ ದೊಡ್ಡ ಚೀಲದ ಥರ ಇರುತ್ತೆ, ನಿಮ್ಮ ತಮ್ಮನ ವಯಸ್ಸಿನವರಲ್ಲಿ ಜಾಸ್ತಿ. ಗಡ್ಡೆಯ ಕೋಶಗಳು ಚೀಲದ ಒಳಗಡೆಗೇ ಇದ್ದರೆ ಕೆರೆದು ತೆಗೆದು, ಆಮೇಲೆ ಕಣ್ಣಿಟ್ಟು ನೋಡುತ್ತಾ ಇರಬಹುದು. ಅದೇ ಕೋಶಗಳು ಚೀಲದ ಗೋಡೆಯೊಳಕ್ಕೆ ನುಗ್ಗಿದ್ದರೆ, ಅದಕ್ಕೆ ‘ಮ್ಯೂರಲ್’ ಅಂತಾರೆ, ಅಷ್ಟಕ್ಕೆ ಬಿಡೋದು ಅಪಾಯ ಅಂತ ಬಹಳ ಸರ್ಜನ್ನರ ಅಭಿಪ್ರಾಯ. ಇನ್ನೊಂದು ಮಾಮೂಲಿ ಬಗೆ, ರಿಪೋರ್ಟಿನಲ್ಲಿ ‘ಕನ್ವೆನ್ಷನಲ್’ ಅಂತಲೋ ‘ಫಾಲಿಕ್ಯುಲರ್’, ‘ಪ್ಲೆಕ್ಸಿಫಾರ್ಮ್’ ಅಂತಲೋ ಬರೆದಿರುತ್ತಾರೆ. ನನ್ನದು ಫಾಲಿಕ್ಯುಲರ್. ಆದರೆ ‘ಪ್ಲೆಕ್ಸಿಫಾರ್ಮ್’ ಅನ್ನೋ ಪದ ಯೂನಿಸಿಸ್ಟಿಕ್ ರಿಪೋರ್ಟಿನಲ್ಲೂ ಬರಬಹುದು, ಅದೊಂದನ್ನೇ ನೋಡಿ ಗಾಬರಿಯಾಗಬೇಡಿ.

ಮಾಮೂಲಿ ಬಗೆಯನ್ನು ಕೆರೆದರೆ ಯಾಕೆ ಸಾಲದು? ಸರ್ಜನ್ ನನಗೆ ಹೇಳಿದ ರೀತಿಯಲ್ಲೇ ಹೇಳ್ತೀನಿ. ಗರಿಕೆ ಹುಲ್ಲು ನೋಡಿದ್ದೀರಲ್ವಾ? ಮೇಲೆ ಕಾಣೋದನ್ನು ಕಿತ್ತರೆ ಬೇರು ಮಣ್ಣಿನಲ್ಲೇ ಉಳಿಯುತ್ತೆ. ಈ ಗಡ್ಡೆಯೂ ಎಕ್ಸ್‌ರೇಯಲ್ಲಿ ಕಾಣುವ ಅಂಚಿನಿಂದ ಆಚೆಗೆ, ಮೂಳೆಯ ಟೊಳ್ಳುಗಳಲ್ಲಿ 2ರಿಂದ 8 ಮಿಲಿಮೀಟರ್‌ವರೆಗೆ ನುಸುಳಿರುತ್ತೆ. ಬರೀ ಕೆರೆದರೆ ಅರ್ಧಕ್ಕಿಂತ ಜಾಸ್ತಿ ಜನರಿಗೆ ಮತ್ತೆ ಬರುತ್ತೆ ಅಂತಾರೆ. ಅದಕ್ಕೇ ಕಾಣುವ ಅಂಚಿನಿಂದ ಒಂದರಿಂದ ಎರಡು ಸೆಂಟಿಮೀಟರ್ ಒಳ್ಳೆಯ ಮೂಳೆಯನ್ನೂ ಸೇರಿಸಿ ಕತ್ತರಿಸುವುದು. ಕೆಳಗಿನ ಅಂಚಿನ ಮೂಳೆ ಗಟ್ಟಿಯಾಗಿ ಉಳಿದಿದ್ದರೆ ಅದನ್ನು ಬಿಟ್ಟು ಮೇಲಿನದಷ್ಟೇ ತೆಗೆಯೋದೂ ಉಂಟು. ಮೇಲ್ದವಡೆಯದ್ದಾದರೆ ಕಥೆ ಇನ್ನೂ ಕಷ್ಟ, ಕಣ್ಣು, ಮೆದುಳಿನ ಕಡೆಗೆ ದಾರಿ ಇರುತ್ತೆ. ನಿಮ್ಮದು ಕೆಳಗಿನದು, ಅದರ ಚಿಂತೆ ಬೇಡ.

ಮಾತ್ರೆ ಇದೆಯಾ ಅಂದರೆ, ಇದೆ, ಆದರೆ ಈಗಲೇ ಅದರ ಹಿಂದೆ ಓಡಬೇಡಿ. ಈ ಗಡ್ಡೆಗಳಲ್ಲಿ ಅರ್ಧಕ್ಕಿಂತ ಜಾಸ್ತಿಯಲ್ಲಿ ಬಿರಾಫ್ (BRAF) ಅನ್ನೋ ಜೀನಿನಲ್ಲಿ ಒಂದು ಬದಲಾವಣೆ ಇರುತ್ತೆ ಅಂತ 2014ರಲ್ಲಿ ಗೊತ್ತಾಯಿತು. ಅದೇ ಬದಲಾವಣೆ ಇರುವ ಚರ್ಮದ ಕ್ಯಾನ್ಸರಿಗೆ ಕೊಡುವ ಡಬ್ರಾಫೆನಿಬ್, ವೆಮುರಾಫೆನಿಬ್ ಥರದ ಮಾತ್ರೆಗಳಿಂದ ಕೆಲವರ ಗಡ್ಡೆ ಚೆನ್ನಾಗಿ ಕುಗ್ಗಿದೆ. ದುಬಾರಿ ಔಷಧ. ಸದ್ಯ ಆಪರೇಷನ್ ಮಾಡಲಾಗದವರಿಗೆ, ಪದೇ ಪದೇ ಬಂದವರಿಗೆ ಯೋಚಿಸುತ್ತಾರೆ, ಮೊದಲೇ ಕೊಟ್ಟು ಕುಗ್ಗಿಸಿ ಆಮೇಲೆ ಸಣ್ಣದಾಗಿ ಕತ್ತರಿಸುವ ಪ್ರಯತ್ನಗಳೂ ನಡೆದಿವೆ. ಕೇಳಿ ನೋಡುವುದರಲ್ಲಿ ತಪ್ಪಿಲ್ಲ. ನಾಟಿ ಔಷಧದ ಲೇಪ ಹಚ್ಚುತ್ತಾ ತಿಂಗಳುಗಟ್ಟಲೆ ಕಳೆಯೋದು ಮಾತ್ರ ಬೇಡ. ಅಷ್ಟು ದಿನ ಅದು ಮೂಳೆ ತಿನ್ನುತ್ತಲೇ ಇರುತ್ತೆ.

ಆಪರೇಷನ್ ಹೇಗಿರುತ್ತೆ ಅಂತ ಕೇಳಿಲ್ಲ, ಆದರೂ ಹೇಳ್ತೀನಿ. ಹೆದರಿಕೆ ಇರೋದು ಅಲ್ಲೇ. ನನ್ನ ಬಲದವಡೆಯ ಸುಮಾರು ಏಳು ಸೆಂಟಿಮೀಟರ್ ತೆಗೆದು, ಆ ಜಾಗಕ್ಕೆ ಕಾಲಿನ ಫಿಬುಲಾ ಮೂಳೆ ಇಟ್ಟರು. ಮೊಣಕಾಲ ಕೆಳಗೆ ಎರಡು ಮೂಳೆ ಇರುತ್ತಲ್ಲ, ಅದರಲ್ಲಿ ಹೊರಗಡೆಯ ತೆಳ್ಳನೆಯದು. ಮೈಭಾರ ಹೊರುವುದು ಹೆಚ್ಚಾಗಿ ಇನ್ನೊಂದು ಮೂಳೆ, ಹಾಗಾಗಿ ಇದರಿಂದ ಒಂದು ತುಂಡು ಸಾಲ ತೆಗೆದುಕೊಳ್ಳಬಹುದು. ಪಾದದ ಕೀಲಿನ ಕಡೆಯ ತುದಿಯನ್ನು ಮಾತ್ರ ಮುಟ್ಟೋದಿಲ್ಲ. ಮೂಳೆಯ ಜೊತೆಗೇ ಅದರ ರಕ್ತನಾಳವನ್ನೂ ತಂದು ಕುತ್ತಿಗೆಯ ನಾಳಕ್ಕೆ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಹೊಲಿಯುತ್ತಾರೆ. ಬೆಳಿಗ್ಗೆ ಎಂಟಕ್ಕೆ ಒಳಗೆ ಹೋದವನು ಸಂಜೆ ಆರಕ್ಕೆ ಹೊರಗೆ ಬಂದೆನಂತೆ. ಮೊದಲ ರಾತ್ರಿ ನರ್ಸ್ ಗಂಟೆಗೊಮ್ಮೆ ಬಂದು ಪೆನ್ನಿನಂಥ ಒಂದು ಡಾಪ್ಲರ್ ಕುತ್ತಿಗೆಗೆ ಹಿಡಿಯುತ್ತಿದ್ದರು. ‘ಸುಯ್, ಸುಯ್’ ಅಂತ ಸದ್ದು ಬಂದರೆ ಹೊಸ ಮೂಳೆಗೆ ರಕ್ತ ಹರಿಯುತ್ತಿದೆ ಅಂತ. ನಿದ್ದೆಗಣ್ಣಿನಲ್ಲಿ ಆ ಸದ್ದಿಗೇ ಕಾಯುತ್ತಿದ್ದೆ.

ಮೊದಮೊದಲು ಮೂಗಿನ ಟ್ಯೂಬಿನಲ್ಲಿ ಊಟ. ಆಮೇಲೆ ಗಂಜಿ, ರಾಗಿ ಅಂಬಲಿ. ಡಾಕ್ಟರು ‘ಇನ್ನೂ ಎರಡು ತಿಂಗಳು ಏನೂ ಅಗಿಯಬಾರದು’ ಅಂದಾಗ ನಮ್ಮಮ್ಮ ‘ಮುದ್ದೆ ಅಗಿಯೋದಲ್ಲ ಸ್ವಾಮಿ, ನುಂಗೋದು’ ಅಂದರು. ಡಾಕ್ಟರು ನಕ್ಕರು, ಗೋಲಿಯಷ್ಟು ಸಣ್ಣದಾಗಿ, ಸಾರಿನಲ್ಲಿ ನೆನೆಸಿ ಕೊಡಿ ಅಂತ ಒಪ್ಪಿಕೊಂಡರು. ನಿಮ್ಮ ತಮ್ಮನ ವಿಷಯದಲ್ಲಿ ಅವರ ಡಾಕ್ಟರನ್ನೇ ಕೇಳಿ, ಅಮ್ಮನ ಮಾತು ಕೇಳಿ ನುಂಗಿಸಬೇಡಿ. ಕಾಲು ಸರಿಯಾಗೋಕೆ ಮೂರು ತಿಂಗಳು ಹಿಡಿಯಿತು. ಈಗ ಮೆಟ್ಟಿಲು ಹತ್ತುತ್ತೇನೆ, ಆ ಕಾಲಿನ ಹೆಬ್ಬೆರಳು ಮಾತ್ರ ಮೊದಲಿನಷ್ಟು ಮಡಚುವುದಿಲ್ಲ.

ಮುಖದ ವಿಷಯ. ದವಡೆಯ ಕೆಳಗೆ ಒಂದು ಉದ್ದ ಗೆರೆ ಇದೆ, ಗಡ್ಡ ಬಿಟ್ಟರೆ ಕಾಣಲ್ಲ. ಆಕಾರ ಹೆಚ್ಚು ಕಡಿಮೆ ಮೊದಲಿನ ಹಾಗೇ ಇದೆ. ಕೂರಿಸಿದ ಮೂಳೆಯ ಮೇಲೆ ಎರಡು ವರ್ಷದ ನಂತರ ಇಂಪ್ಲಾಂಟ್ ಹಲ್ಲು ಹಾಕಿದರು. ಹೋಗಿದ್ದು ಅಂದರೆ ಬಲಗಡೆ ಕೆಳತುಟಿಯ ಸ್ಪರ್ಶ. ಮೂಳೆಯೊಳಗೆ ಹೋಗುವ ನರವನ್ನು ಅದರ ಜೊತೆಗೇ ತೆಗೆಯಬೇಕಾಯ್ತು. ಕಾಫಿ ಸೋರಿದರೆ ಗೊತ್ತಾಗಲ್ಲ, ಶೇವ್ ಮಾಡುವಾಗ ರಕ್ತ ಬಂದರೂ ಕನ್ನಡಿಯಲ್ಲಿ ನೋಡಿಯೇ ತಿಳಿಯಬೇಕು. ಇದನ್ನು ನನಗೆ ಮೊದಲೇ ಬಿಡಿಸಿ ಹೇಳಿರಲಿಲ್ಲ, ನೀವು ಮೊದಲೇ ಕೇಳಿಕೊಳ್ಳಿ.

ನೀವು ಈಗ ಮಾಡಬೇಕಾದ್ದು ಬಯಾಪ್ಸಿ ಮಾಡಿಸುವುದು, ಬಗೆ ಯಾವುದು ಅಂತ ಕೇಳುವುದು. ಸಣ್ಣ ತುಂಡಿನಲ್ಲಿ ಎಲ್ಲ ಕಾಣೋದಿಲ್ಲ. ಆದ್ದರಿಂದ ಕೆರೆದು ತೆಗೆಯುವುದು ಅಂತಾದರೆ ತೆಗೆದ ಚೀಲ ಪೂರ್ತಿ ಲ್ಯಾಬಿಗೆ ಹೋಗುತ್ತಾ, ಅದರಲ್ಲಿ ಮ್ಯೂರಲ್ ಅಂತ ಬಂದರೆ ಮುಂದೇನು ಅಂತ ಆಪರೇಷನ್‌ಗೆ ಮುಂಚೆಯೇ ಮಾತಾಡಿಕೊಳ್ಳಿ. ಹಲ್ಲು ಕೀಳುವ ಕ್ಲಿನಿಕ್ ಬೇಡ, ಓರಲ್ ಅಂಡ್ ಮ್ಯಾಕ್ಸಿಲೋಫೇಶಿಯಲ್ ಸರ್ಜರಿ (ಬಾಯಿ, ದವಡೆ, ಮುಖದ ಆಪರೇಷನ್) ವಿಭಾಗ ಇರುವ ದಂತ ಕಾಲೇಜಿಗೆ ಹೋಗಿ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬರುತ್ತಾ ಅಂತ ಅಲ್ಲಿನ ಕೌಂಟರಿನಲ್ಲೇ ವಿಚಾರಿಸಿ. ಈಗಿನ ಓಪಿಜಿ ಫಿಲ್ಮ್ ಎಸೆಯಬೇಡಿ. ಹತ್ತು ವರ್ಷದ ಮೇಲೂ ಮತ್ತೆ ಬಂದವರಿದ್ದಾರೆ, ಅದಕ್ಕೇ ನಾನು ವರ್ಷಕ್ಕೊಮ್ಮೆ ಹೊಸದು ತೆಗೆಸಿ ಹಳೆಯದರ ಪಕ್ಕ ಇಟ್ಟು ತೋರಿಸಿ ಬರುತ್ತೇನೆ. ರಿಪೋರ್ಟ್ ಬಂದ ಮೇಲೆ ಅದರಲ್ಲಿ ಏನು ಬರೆದಿದ್ದಾರೆ ಅಂತ ಇಲ್ಲೇ ತಿಳಿಸಿ.